ಕರುಳಿನ ಎಳೆಪದರ ಓದುವವರು

ಕೊಟ್ಟಿಗೆಯ ಹಸು ಮೇವು ಬಿಟ್ಟರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ನಾರ್ವೆಯ ಕಡಲ ಚಾಚುಗಳಲ್ಲಿ, ಬಲೆಯ ಪಂಜರಗಳೊಳಗೆ ಸಾಕುವ ಸಾಲ್ಮನ್ ಮೀನಿನ ಹೊಟ್ಟೆ ಕೆಟ್ಟರೆ ಎಷ್ಟೋ ದಿನ ಯಾರಿಗೂ ತಿಳಿಯದು. ಮೀನು ಈಜುತ್ತಿರುತ್ತದೆ, ತಿನ್ನುತ್ತಲೂ ಇರುತ್ತದೆ. ಒಳಗಿನ ಸಂಕಟ ಕಾಣಬೇಕಾದರೆ ಅದರ ಹಿಂಗರುಳಿನ ಚೂರೊಂದನ್ನು ಗಾಜಿನ ಮೇಲಿಟ್ಟು ಓದಬೇಕು. ನನಗೆ ಅಪಾರ ಗೌರವವಿರುವ ಕಸುಬು ಇದು.

ಕೆಲಸ ಶುರುವಾಗುವುದು ಮೀನಿನ ತೊಟ್ಟಿಯ ಪಕ್ಕದಲ್ಲೇ. ಹೆಚ್ಚು ಪ್ರಮಾಣದ ಅರಿವಳಿಕೆ ಕೊಟ್ಟು, ನೋವಾಗದಂತೆ ಮೀನಿನ ಜೀವ ತೆಗೆಯುತ್ತಾರೆ. ಮುಂದಿನದೆಲ್ಲ ಅವಸರದ ಕೆಲಸ. ಜೀವ ಹೋದ ಕರುಳು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಕೆಲವೇ ನಿಮಿಷಗಳಲ್ಲಿ ಚೂರು ಫಾರ್ಮಲಿನ್‌ಗೆ ಬೀಳದಿದ್ದರೆ ಆ ಮೀನು ಸತ್ತದ್ದೂ ವ್ಯರ್ಥ. ಕರುಳಿನಲ್ಲಿ ಆಹಾರ ತುಂಬಿರುವ ಮೀನನ್ನೇ ಆರಿಸಬೇಕು, ಏಕೆಂದರೆ ಉಪವಾಸದ ಕರುಳಿನ ಚಹರೆಯೇ ಬೇರೆ.

ಆಮೇಲೆ ಆತುರಕ್ಕೆ ಜಾಗವಿಲ್ಲ. ಮದ್ಯಸಾರದಲ್ಲಿ ನೀರಿನಂಶ ತೆಗೆದು, ಚೂರನ್ನು ಮೇಣದೊಳಗೆ ಕೂರಿಸಿ, ಮೈಕ್ರೋಟೋಮಿನ ಅಲಗಿನಿಂದ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಸೀಳುತ್ತಾರೆ. ಪದರವನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಸುಕ್ಕು ಬಿಟ್ಟ ಮೇಲೆ ಗಾಜಿಗೆ ಎತ್ತಿಕೊಳ್ಳುತ್ತಾರೆ. ಬಣ್ಣ ಹಾಕಿದಾಗ ಜೀವಕೋಶಗಳ ಕೇಂದ್ರಗಳು ನೀಲಿ, ಉಳಿದದ್ದು ಗುಲಾಬಿ.

ಆರೋಗ್ಯವಂತ ಹಿಂಗರುಳಿನ ಮಡಿಕೆಗಳು ನೀಳವಾಗಿ, ತೆಳ್ಳಗೆ ನಿಂತಿರುತ್ತವೆ. ಅವುಗಳ ಅಂಚಿನ ಕೋಶಗಳಲ್ಲಿ ಸಣ್ಣ ಸಣ್ಣ ಬಿಳಿ ಗುಳ್ಳೆಗಳು ತುಂಬಿರುತ್ತವೆ. ಮೀನು ಹುಡಿಯ ಬದಲು ಸೋಯಾ ಹಿಂಡಿ ತಿನ್ನಿಸಿದ ಸಾಲ್ಮನ್‌ನಲ್ಲಿ ಗುಳ್ಳೆಗಳು ಮಾಯವಾಗಿ, ಮಡಿಕೆಗಳು ಮೊಂಡಾಗಿ, ಅವುಗಳ ತಿರುಳಿಗೆ ಉರಿಯೂತದ ಕೋಶಗಳು ನುಗ್ಗಿ ದಪ್ಪಗಾಗಿರುತ್ತವೆ. 1996ರಲ್ಲಿ ಗ್ರೇಟೆ ಬೇವರ್‌ಫ್ಯೂರ್ ಮತ್ತು ಓಶಿಲ್ಡ್ ಕ್ರೋಗ್ಡಾಲ್ ಈ ಉರಿಯೂತ ಏರುವುದನ್ನೂ, ಸೋಯಾ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಇಳಿಯುವುದನ್ನೂ ವಿವರವಾಗಿ ದಾಖಲಿಸಿದರು. ಮುಖ್ಯ ಕಾರಣ ಸೋಯಾದ ಸಪೋನಿನ್ ಎಂಬುದು ಆಮೇಲೆ ಸ್ಪಷ್ಟವಾಯಿತು. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವುದೂ ಇದೇ ಬಗೆಯ ವಸ್ತು.

ಓದುವವರ ಶಿಸ್ತು ದೊಡ್ಡದು. ಯಾವ ಗಾಜು ಯಾವ ಮೇವಿನದೆಂದು ತಿಳಿಯದಂತೆ ಸಂಖ್ಯೆಗಳನ್ನಷ್ಟೇ ಬರೆದಿರುತ್ತಾರೆ. ಮಡಿಕೆಯ ಎತ್ತರಕ್ಕೊಂದು ಅಂಕ, ಗುಳ್ಳೆಗೊಂದು ಅಂಕ, ಊತಕ್ಕೊಂದು ಅಂಕ. ‘ಸ್ವಲ್ಪ’ ಮುಗಿದು ‘ಸಾಕಷ್ಟು’ ಆರಂಭವಾಗುವುದು ಎಲ್ಲಿ? ಇದಕ್ಕೆ ಕಣ್ಣು ಪಳಗಬೇಕು. ಬೇರೆ ಬೇರೆ ದೇಶಗಳ ಕಣ್ಣುಗಳು ಒಂದೇ ಅಳತೆಗೆ ಒಪ್ಪಬೇಕು.

ದೇಶಗಳು ಕೈಜೋಡಿಸಲೇಬೇಕಾದ ಕಾರಣ ಮೀನಿನೊಳಗೇ ಇದೆ: ಎಲ್ಲ ಮೀನುಗಳ ಕರುಳೂ ಒಂದೇ ಬಗೆಯದಲ್ಲ. ಸಾಲ್ಮನ್ ಮಾಂಸಾಹಾರಿ, ಅದಕ್ಕೆ ಜಠರವಿದೆ. ನಮ್ಮ ಕೆರೆಗಳಿಗೂ ಬಿಡುವ ಸಾಮಾನ್ಯ ಗೆಂಡೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಅದಕ್ಕೆ ಜಠರವೇ ಇಲ್ಲ. ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೆಂಡೆಯ ಕರುಳೂ ಸೋಯಾದಿಂದ ಊದಿಕೊಂಡಿತು. ಆದರೆ ಅದೇ ಮೇವು ತಿನ್ನುತ್ತಿದ್ದಾಗಲೇ, ನಾಲ್ಕನೆಯ ವಾರದ ನಂತರ ಚೇತರಿಸಿಕೊಳ್ಳತೊಡಗಿತು. ಸಾಲ್ಮನ್‌ಗೆ ಬರೆದ ಪಥ್ಯ ಗೆಂಡೆಗೆ ಹೊಂದದು. ಗೆಂಡೆಯ ಕರುಳನ್ನು ಅದರದೇ ಪದರದಲ್ಲಿ ಓದಬೇಕು.