ಒಂದೇ ಗೆರೆ

2020ರ ಮಳೆಗಾಲದ ಒಂದು ಬೆಳಗ್ಗೆ. ದೊಡ್ಡಬಳ್ಳಾಪುರದ ಆಸ್ಪತ್ರೆಯ ಅಂಗಳದಲ್ಲಿ ಕೊರೊನಾ ಪರೀಕ್ಷೆಯ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳು. ವೃತ್ತದೊಳಗೆ ನಿಂತವರು ಕಡಿಮೆ. ಸರದಿ ತಪ್ಪೀತೆಂದು ಮುಂದಿನವರ ಬೆನ್ನಿಗೆ ಅಂಟಿಕೊಂಡವರೇ ಹೆಚ್ಚು. ಪಿಪಿಇ ಕಿಟ್ಟಿನೊಳಗೆ ಕಣ್ಣು ಮಾತ್ರ ಕಾಣುವ ಲ್ಯಾಬ್ ಟೆಕ್ನಿಶಿಯನ್ "ತಲೆ ಹಿಂದಕ್ಕೆ ಹಾಕಿ" ಎನ್ನುತ್ತಾಳೆ. ಕಡ್ಡಿ ಮೂಗಿನೊಳಗೆ ಇಳಿದು ಸುತ್ತುತ್ತದೆ. ಮಗ್ಗದ ಕೆಲಸದವನೊಬ್ಬನ ಕಣ್ಣಲ್ಲಿ ನೀರು, ಹಿಂದೆಯೇ ಎರಡು ಸೀನು. ಸಾಲು ಯಾರೂ ಹೇಳದೆಯೇ ಎರಡು ಮಾರು ಹಿಂದೆ ಸರಿಯುತ್ತದೆ.

ಕಡ್ಡಿಯನ್ನು ದ್ರಾವಣದಲ್ಲಿ ತಿರುವಿ, ಬಿಳಿ ಕ್ಯಾಸೆಟ್ಟಿನ ಗುಂಡಿಗೆ ಮೂರು ಹನಿ. ಕಾಲು ಗಂಟೆ ಕಾಯಬೇಕು. 'ಸಿ' ಎದುರು ಗೆರೆ ಮೂಡಿತು. ಪಟ್ಟಿ ಸರಿಯಾಗಿದೆ ಎಂದಷ್ಟೇ ಅದರ ಅರ್ಥ. 'ಟಿ' ಎದುರು ಖಾಲಿ.

"ಅಕ್ಕ, ಒಂದೇ ಗೆರೆ ಬಂದೈತೆ. ಮಗ್ಗಕ್ಕೆ ಹೋಗ್ಬೋದಾ?"

"ಜ್ವರ ಐತಲ್ಲಣ್ಣ. ಇನ್ನೊಂದು ಸ್ಯಾಂಪಲ್ ಬೆಂಗಳೂರಿಗೆ ಕಳಿಸ್ತೀವಿ. ರಿಪೋರ್ಟ್ ಬರೋಗಂಟ ಮನೇಲಿರಿ."

ಅವನ ಮುಖದಲ್ಲಿ ಅನುಮಾನ. ಇಲ್ಲ ಅಂದಮೇಲೆ ಇಲ್ಲ ತಾನೇ? ಆದರೆ ಈ ಆಂಟಿಜೆನ್ ಪಟ್ಟಿ ಹುಡುಕುವುದು ವೈರಸ್ಸಿನ ಪ್ರೋಟೀನನ್ನು, ಅದೂ ಇದ್ದಷ್ಟನ್ನೇ. ಮೂಗಿನಲ್ಲಿ ವೈರಸ್ ದಂಡಿಯಾಗಿದ್ದರೆ ಗೆರೆ ಎದ್ದು ಕಾಣುತ್ತದೆ. ಸೋಂಕಿನ ಮೊದಲ ದಿನವೋ ಕೊನೆಯ ದಿನಗಳೋ ಆದರೆ ಕಾಣದೆ ಹೋಗಬಹುದು. ರಾಗಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದರಿಯಲ್ಲಿ ಇಳಿದುಹೋದದ್ದು ಜರಡಿಯಲ್ಲಿ ನಿಲ್ಲುತ್ತದೆ. ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಕಡ್ಡಾಯ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದ್ದು ಇದಕ್ಕೇ.

ಆ ಪಿಸಿಆರ್‌ಗೆಂದು ತೆಗೆದ ಎರಡನೆಯ ಕಡ್ಡಿ ಗುಲಾಬಿ ದ್ರವದ ಟ್ಯೂಬಿನಲ್ಲಿ, ಟ್ಯೂಬು ಐಸ್ ಪ್ಯಾಕಿನ ಡಬ್ಬದಲ್ಲಿ, ಡಬ್ಬ ಯಲಹಂಕದ ರಸ್ತೆ ಹಿಡಿದ ಜೀಪಿನಲ್ಲಿ. ನಗರದ ಲ್ಯಾಬಿನಲ್ಲಿ ಹಗಲು ರಾತ್ರಿಗಳ ವ್ಯತ್ಯಾಸ ಅಳಿಸಿಹೋಗಿದೆ. ಅಂಗೈಯಗಲದ ತಟ್ಟೆ, ಅದರಲ್ಲಿ 96 ಕುಳಿಗಳು. ವೈರಸ್ಸಿನ ಆರ್‌ಎನ್‌ಎ ಮೊದಲು ಡಿಎನ್‌ಎ ಆಗಬೇಕು. ಆಮೇಲೆ ಯಂತ್ರ ಕಾಯಿಸುತ್ತದೆ, ತಣಿಸುತ್ತದೆ, ಮತ್ತೆ ಕಾಯಿಸುತ್ತದೆ. ಪ್ರತಿ ಸುತ್ತಿಗೂ ಒಂದು ಎರಡಾಗುತ್ತದೆ. ಎಲ್ಲ ಸರಿಹೋದರೆ 40 ಸುತ್ತಿಗೆ ಒಂದೇ ಒಂದು ತುಣುಕು ಲಕ್ಷ ಕೋಟಿ ದಾಟುತ್ತದೆ. ಪರದೆಯ ಮೇಲೆ ಗೆರೆಗಳು ತಳದಲ್ಲಿ ಮಲಗಿರುತ್ತವೆ; ಒಂದೊಂದಾಗಿ ಹೆಡೆಯೆತ್ತುತ್ತವೆ. ಹೆಚ್ಚು ವೈರಸ್ ಇದ್ದದ್ದು ಬೇಗ, ಕಡಿಮೆ ಇದ್ದದ್ದು ತಡವಾಗಿ. ಬರೀ ನೀರು ಹಾಕಿದ ಕುಳಿಯ ಗೆರೆ ಕೊನೆತನಕ ಏಳಕೂಡದು. ಎದ್ದರೆ ಇಡೀ ತಟ್ಟೆಯ ಕೆಲಸ ಮೊದಲಿನಿಂದ.

ಗೆರೆ ಎದ್ದ ಸುತ್ತಿನ ಸಂಖ್ಯೆಯೇ ಸಿಟಿ ವ್ಯಾಲ್ಯೂ. 20ಕ್ಕೂ 30ಕ್ಕೂ ನಡುವೆ ಹೆಚ್ಚುಕಡಿಮೆ ಸಾವಿರಪಟ್ಟು ಅಂತರ, ಅದೂ ತಲೆಕೆಳಗಾಗಿ: ಸಂಖ್ಯೆ ಏರಿದಷ್ಟೂ ವೈರಸ್ ಕಡಿಮೆ. ಎದೆಯ ಸಿಟಿ ಸ್ಕ್ಯಾನಿನ ಅಂಕವಾದರೆ ಏರಿದಷ್ಟೂ ಕೆಡುಕು. ಇವೆರಡನ್ನೂ ಕಲೆಸಿಕೊಂಡು ಆ ಕಾಲದಲ್ಲಿ ಎಷ್ಟು ಮನೆಗಳು ಸುಮ್ಮನೆ ಗಾಬರಿಯಾದವೋ, ಎಷ್ಟು ಮನೆಗಳು ಸುಮ್ಮನೆ ನಿಶ್ಚಿಂತವಾದವೋ!

ಐಸಿಎಂಆರ್ 35ಕ್ಕೆ ಗಡಿ ಹಾಕಿತು. ಗಡಿಯ ಅಂಚಿನಲ್ಲೇ ಪೇಚು. ಕಿಟ್ ಉಳಿಸಲು ಐದು ಜನರ ಸ್ಯಾಂಪಲ್ ಒಟ್ಟು ಸೇರಿಸಿ ನೋಡುವ ಪದ್ಧತಿಯಿತ್ತು. ಐದರಲ್ಲಿ ಒಂದೇ ಸೋಂಕಿನದಾದರೆ ಅದು ಐದುಪಟ್ಟು ತೆಳುವಾಯಿತು. ಗೆರೆ ಎರಡು ಸುತ್ತಿಗೂ ಮೀರಿ ತಡ. ಒಂಟಿಯಾಗಿ 34ಕ್ಕೆ ಸಿಗಬೇಕಾದವನು ಗುಂಪಿನಲ್ಲಿ 36 ದಾಟಿ ತಪ್ಪಿಸಿಕೊಳ್ಳುತ್ತಾನೆ. ಬೆಂಗಳೂರಿನ ಬಿಗ್‌ಟೆಕ್ ಕಂಪನಿ ರೂಪಿಸಿದ ಟ್ರೂನ್ಯಾಟ್ ಬೇರೆ ದಾರಿ ತೋರಿತು: ಮೇಜಿನ ಮೇಲೆ ಕೂರುವ, ಬ್ಯಾಟರಿಯಲ್ಲೂ ನಡೆಯುವ ಯಂತ್ರ, ಒಂದು ಚಿಪ್, ಸುಮಾರು ಒಂದು ತಾಸು. ಕ್ಷಯದ ಪತ್ತೆಗೆ ಬಳಕೆಯಲ್ಲಿದ್ದದ್ದು ಕೊರೊನಾಕ್ಕೂ ಒದಗಿತು. ಒಮ್ಮೆಗೆ ನೂರಾರು ನೋಡಲಾಗದು ಎಂಬುದೊಂದೇ ಕೊರತೆ.

ಸಣ್ಣ ಜರಡಿಯೇ ಮೇಲು ಅನ್ನಲೂ ನನಗೆ ಮನಸ್ಸಿಲ್ಲ. ಪಿಸಿಆರ್ ಸತ್ತ ವೈರಸ್ಸಿನ ಚೂರನ್ನೂ ಬಿಡದೆ ಹಿಡಿಯುತ್ತದೆ, ಗುಣವಾಗಿ ವಾರಗಳು ಕಳೆದ ಮೇಲೂ. ಬದುಕಿದೆಯೇ ಎಂದು ತಿಳಿಯಲು ಜೀವಕೋಶಗಳಲ್ಲಿ ಬೆಳೆಸಿಯೇ ನೋಡಬೇಕು; ಅದಕ್ಕೆ ದಿನಗಳು ಬೇಕು, ಕಟ್ಟುನಿಟ್ಟಿನ ಸುರಕ್ಷೆಯ ಲ್ಯಾಬು ಬೇಕು. ಕೂಲಿ ತಪ್ಪಿದ ಮಗ್ಗದವನಿಗೆ ಬೇಕಾದ ಉತ್ತರ, ತನ್ನಿಂದ ಹೆಂಡತಿ ಮಕ್ಕಳಿಗೆ ಹರಡುತ್ತದೆಯೇ ಎಂಬುದು, ಎರಡೂ ವರದಿಗಳಲ್ಲಿ ನೇರವಾಗಿ ಇರುವುದಿಲ್ಲ.

ವರದಿಗಳು ಪೂರ್ತಿ ಕತೆ ಹೇಳದ ಇನ್ನೊಂದು ಪ್ರಸಂಗ: ದೊಡ್ಡಬಳ್ಳಾಪುರದ ಜಿಲ್ಲೆಯದೇ ಆದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, 2021ರ ನವೆಂಬರ್ 20ರಂದು, ದಕ್ಷಿಣ ಆಫ್ರಿಕಾದಿಂದ 66 ವರ್ಷದ ಪ್ರಯಾಣಿಕರೊಬ್ಬರು ಇಳಿದರು. ಪರೀಕ್ಷೆಯಲ್ಲಿ ಪಾಸಿಟಿವ್. ಹೋಟೆಲಿನಲ್ಲಿ ಪ್ರತ್ಯೇಕವಾಗಿದ್ದರು, 23ಕ್ಕೆ ಖಾಸಗಿ ಲ್ಯಾಬಿನ ವರದಿ ನೆಗೆಟಿವ್. ಎರಡಕ್ಕೂ ನಡುವೆ ಮೂರೇ ದಿನ. ಅವರ ಸ್ಯಾಂಪಲ್ ಆಗಲೇ ಜೀನೋಮ್ ಪರೀಕ್ಷೆಗೆ ಹೋಗಿತ್ತು. ಅದು ಪಿಸಿಆರ್‌ಗಿಂತ ನಿಧಾನದ್ದು; ವೈರಸ್ ಧಾರಾಳವಾಗಿದ್ದರೆ ಮಾತ್ರ ಓದಿಗೆ ಸಿಗುವಂಥದ್ದು. 27ರಂದು ಅವರು ಅದೇ ನಿಲ್ದಾಣದಿಂದ ದುಬೈ ವಿಮಾನ ಹತ್ತಿದರು. ಕೊರೊನಾದ ಹೊಸ ರೂಪಾಂತರಿ ಒಮಿಕ್ರಾನ್‌ನ ದೇಶದ ಮೊದಲ ಎರಡು ಪ್ರಕರಣಗಳಲ್ಲಿ ಒಂದು ಅವರದೆಂದು ಸರ್ಕಾರ ಪ್ರಕಟಿಸಿದ್ದು ಡಿಸೆಂಬರ್ 2ಕ್ಕೆ.