ಮಳೆಗಾಲದ ಕೊಡಗಿನಲ್ಲಿ ಕಪ್ಪಾಗುವ ಪರದೆ

ಲ್ಯಾಪ್‌ಟಾಪಿನ ಪರದೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಪರದೆಯೇ ಕೆಟ್ಟಿದೆ ಎಂದು ಹೇಳಲಾಗದು. ಕಣ್ಣಿಗೆ ಚಿತ್ರ ಕಾಣಬೇಕಾದರೆ ಯಂತ್ರ ಸರಿಯಾಗಿ ಶುರುವಾಗಬೇಕು, ಗ್ರಾಫಿಕ್ಸ್ ಚಿಪ್ ಚಿತ್ರದ ಸಂಕೇತ ಸಿದ್ಧಪಡಿಸಬೇಕು, ಹಿಂಜ್‌ನೊಳಗೆ ಹಾದುಹೋಗುವ ತೆಳ್ಳನೆಯ ಡಿಸ್‌ಪ್ಲೇ ಕೇಬಲ್ ಅದನ್ನು ಮೇಲಕ್ಕೆ ಮುಟ್ಟಿಸಬೇಕು, ಪ್ಯಾನೆಲ್ ಚಿತ್ರ ಮೂಡಿಸಬೇಕು, ಅದರ ಹಿಂದಿರುವ ಎಲ್‌ಇಡಿ ದೀಪಗಳು ಬೆಳಗಬೇಕು. ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವುದು ಅದೇ ಕತ್ತಲು. ಆದರೆ ರಿಪೇರಿಯ ಖರ್ಚು ಒಂದೇ ಅಲ್ಲ. ಎಲ್ಲಿ ತಪ್ಪಿದೆ ಎಂದು ತಿಳಿಯದೆ ಪ್ಯಾನೆಲ್ ಬದಲಾಯಿಸಲು ಒಪ್ಪಿಕೊಂಡರೆ ದುಡ್ಡು ಹೋಗಿ ಕತ್ತಲು ಹಾಗೆಯೇ ಉಳಿಯಬಹುದು.

ಕೊಡಗಿನಲ್ಲಿ ಈ ತೊಂದರೆಗೆ ಹವಾಮಾನದ ನಂಟು ಗಟ್ಟಿಯಾಗಿದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೀಳುವಾಗ ಗುಡುಗು ಸಿಡಿಲು ಜೊತೆಗೇ ಬರುತ್ತವೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಳೆ. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳಲ್ಲಂತೂ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ಮನೆಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ತೋಟದ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. 2020ರ ಲಾಕ್‌ಡೌನ್ ನಂತರ ಬೆಂಗಳೂರಿನ ಕಚೇರಿ ಕೆಲಸವನ್ನು ತೋಟದ ಮನೆಯಿಂದಲೇ ಮಾಡುವವರಿಗೆ, ಹೋಂಸ್ಟೇ ಬುಕಿಂಗ್ ನೋಡಿಕೊಳ್ಳುವವರಿಗೆ, ಕಾಲೇಜಿನ ಮಕ್ಕಳಿಗೆ ಪರದೆ ಕಪ್ಪಾದರೆ ಆ ದಿನದ ಕೆಲಸವೇ ನಿಂತಂತೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸುರಿಯುವ ಮಳೆಯಲ್ಲಿ ಅಷ್ಟು ದೂರ ಹೊತ್ತೊಯ್ಯುವ ಮೊದಲು ಮನೆಯಲ್ಲೇ ಪರೀಕ್ಷಿಸಿ ತಿಳಿಯಬಹುದಾದದ್ದು ಬಹಳಷ್ಟಿದೆ.

ಮೊದಲು ಯಂತ್ರಕ್ಕೆ ಜೀವ ಇದೆಯೇ ಎಂದು ನೋಡಬೇಕು. ಪವರ್ ಬಟನ್ ಒತ್ತಿದಾಗ ದೀಪ ಹೊತ್ತಿತೇ, ಫ್ಯಾನ್ ತಿರುಗಿದ ಸದ್ದು ಬಂತೇ, ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಬದಲಾಗುತ್ತದೆಯೇ? ಕ್ಯಾಪ್ಸ್ ಲಾಕ್ ದೀಪ ಸರಿಯಾಗಿ ಸ್ಪಂದಿಸಿದರೆ ಯಂತ್ರ ಒಳಗೆ ಕೆಲಸ ಮಾಡುತ್ತಿದೆ, ತೊಂದರೆ ಚಿತ್ರದ ದಾರಿಯಲ್ಲಿದೆ ಎಂದು ಹೆಚ್ಚುಕಡಿಮೆ ಧೈರ್ಯದಿಂದ ಹೇಳಬಹುದು. ದೀಪ ಒಂದು ಲೆಕ್ಕದಲ್ಲಿ ಮಿಟುಕಿ, ನಿಂತು, ಮತ್ತೆ ಅಷ್ಟೇ ಸಲ ಮಿಟುಕುತ್ತಿದ್ದರೆ ಅದು ಕಂಪನಿಯ ಸಂಕೇತ. ಎಚ್‌ಪಿ, ಡೆಲ್ ಯಂತ್ರಗಳು ರ್‍ಯಾಮ್ ಕೆಟ್ಟಿದೆಯೋ ಬೋರ್ಡ್ ಕೆಟ್ಟಿದೆಯೋ ಎಂಬುದನ್ನು ಹೀಗೆಯೇ ಹೇಳುತ್ತವೆ. ಆ ಲೆಕ್ಕ ಬರೆದಿಟ್ಟುಕೊಂಡರೆ ರಿಪೇರಿಯವರ ಅರ್ಧ ಕೆಲಸ ಮುಗಿದಂತೆ.

ಏನೂ ಸ್ಪಂದನೆ ಇಲ್ಲದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ಹೊರಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬೋರ್ಡಿನಲ್ಲಿ ಉಳಿದ ಚಾರ್ಜ್ ಹೀಗೆ ಖಾಲಿಯಾಗುತ್ತದೆ. ಕರೆಂಟ್ ಹೋಗಿ ಬಂದು ಗಲಿಬಿಲಿಗೊಂಡ ಯಂತ್ರ ಇಷ್ಟಕ್ಕೇ ಸರಿಹೋಗುವುದುಂಟು. ವಿಂಡೋಸ್ ಓಡುತ್ತಿದ್ದೂ ಪರದೆ ಕಪ್ಪಾಗಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆಗೆ ‘ಬಿ’ ಕೀ ಒತ್ತಿದಾಗ ಗ್ರಾಫಿಕ್ಸ್ ಡ್ರೈವರ್ ಮರಳಿ ಶುರುವಾಗುತ್ತದೆ. ಆಗ ಸಣ್ಣದೊಂದು ಬೀಪ್ ಕೇಳುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆಗೆ ಒಂದು ಟಾರ್ಚ್ ಸಾಕು. ಕತ್ತಲ ಕೋಣೆಯಲ್ಲಿ ಕಪ್ಪು ಪರದೆಯ ಮೇಲೆ ಓರೆಯಾಗಿ ಬೆಳಕು ಹಾಯಿಸಿದಾಗ ಅಕ್ಷರಗಳು, ಐಕಾನ್‌ಗಳು ಮಸುಕಾಗಿ ಕಂಡರೆ ಪ್ಯಾನೆಲ್ ಚಿತ್ರ ಮೂಡಿಸುತ್ತಿದೆ, ಹಿಂದಿನ ದೀಪ ಮಾತ್ರ ಆರಿದೆ ಎಂದರ್ಥ. ಕಾರಣ ಕೇಬಲ್ ಆಗಿರಬಹುದು, ಬೋರ್ಡಿನ ಮೇಲಿನ ಪುಟ್ಟ ಫ್ಯೂಸ್ ಆಗಿರಬಹುದು, ಬ್ರೈಟ್‌ನೆಸ್ ಪೂರ್ತಿ ತಗ್ಗಿದ್ದರೂ ಆಗಬಹುದು. ಓಎಲ್‌ಇಡಿ ಪರದೆಗಳಲ್ಲಿ ಹಿಂದೆ ದೀಪವೇ ಇಲ್ಲದ ಕಾರಣ ಈ ಪರೀಕ್ಷೆ ನಡೆಯದು.

ಮುಂದಿನದು ಟಿವಿ. ಎಚ್‌ಡಿಎಂಐ ಕೇಬಲ್ ಜೋಡಿಸಿ ವಿಂಡೋಸ್ ಮತ್ತು ‘ಪಿ’ ಕೀ ಒತ್ತಿ ನೋಡಬೇಕು. ಟಿವಿಯಲ್ಲಿ ಚಿತ್ರ ಬಂದರೆ ಮದರ್‌ಬೋರ್ಡ್ ಬಹುಮಟ್ಟಿಗೆ ಕ್ಷೇಮ. ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಲು ಇದೇ ಸಮಯ. ಸಿಡಿಲಿನ ದಿನ ಮಾತ್ರ ಈ ಪರೀಕ್ಷೆ ಬೇಡ. ಮಾಡಿನ ಮೇಲಿನ ಡಿಶ್‌ನಿಂದ ಟಿವಿಗೆ, ಟಿವಿಯಿಂದ ಲ್ಯಾಪ್‌ಟಾಪಿಗೆ ಸಿಡಿಲಿಗೆ ನೇರ ದಾರಿಯಾಗುತ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ಚಾರ್ಜರ್ ಜೊತೆ ಇಂಟರ್ನೆಟ್‌ನ ಲ್ಯಾನ್ ಕೇಬಲ್ ಅನ್ನೂ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಸಾಕೆಟ್‌ನಿಂದ ಹೊರಗಿರಬೇಕು.

ಟಿವಿಯಲ್ಲೂ ಕತ್ತಲೇ ಇದ್ದು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಮೊದಲ ಅನುಮಾನ ರ್‍ಯಾಮ್ ಮೇಲೆ. ಮಲೆನಾಡಿನ ತೇವಕ್ಕೆ ಲೋಹದ ಸಂಪರ್ಕಗಳು ಮಂಕಾಗುತ್ತವೆ, ತಾಮ್ರ ಕಿಲುಬು ಹಿಡಿಯುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲೆ ರ್‍ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಒಣಬಟ್ಟೆಯಿಂದಲೋ ಮೆದು ರಬ್ಬರ್‌ನಿಂದಲೋ ಹಗುರವಾಗಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಹೊಸ ತೆಳು ಮಾದರಿಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಅಲ್ಲಿ ಈ ಉಪಾಯವಿಲ್ಲ.

ತೇವದ ಕಾಟ ಇಲ್ಲಿಗೇ ನಿಲ್ಲದು. ಹೊರಗಿನ ಚಳಿಯಲ್ಲಿ ತಣ್ಣಗಾದ ಯಂತ್ರವನ್ನು ಬೆಚ್ಚಗಿನ ಕೋಣೆಗೆ ತಂದರೆ ಗಾಳಿಯ ತೇವ ಅದರೊಳಗೆ ಹನಿಗಟ್ಟುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಬಿಟ್ಟು, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಶುರುಮಾಡುವುದು ಕ್ಷೇಮ. ಒಳಗೆ ನೀರಿಳಿದ ಅನುಮಾನವಿದ್ದರೆ ಚಾರ್ಜರ್ ಹಾಕಲೇಬಾರದು. ಕರೆಂಟ್ ಹರಿದಾಗಲೇ ಕಿಲುಬು ಬೇಗ ಬೆಳೆಯುವುದು. ಬಟ್ಟೆ ಒಣಗಿಸುವಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ, ಮಸಿ, ಬಿಸಿ ಮೂರೂ ಕೆಡುಕು. ಅಕ್ಕಿಯಲ್ಲಿ ಹೂಳಿದರೆ ಧೂಳು ಸೇರುವುದಷ್ಟೇ ಲಾಭ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಒಂದೆರಡು ದಿನ ಇಡುವುದು ಸರಿಯಾದ ದಾರಿ; ನೀಲಿ ಹರಳು ಗುಲಾಬಿಯಾದರೆ ಅದು ತೇವ ಹೀರಿ ತುಂಬಿದೆ, ಬದಲಾಯಿಸಬೇಕು. ಇನ್ನೂ ಒಳ್ಳೆಯದು ಮಳೆಗಾಲದಲ್ಲಿ ಯಂತ್ರವನ್ನು ದಿನವೂ ಬಳಸುವುದು. ಓಡುವ ಯಂತ್ರದ ಬಿಸಿಯೇ ತೇವವನ್ನು ದೂರವಿಡುತ್ತದೆ. ತಿಂಗಳುಗಟ್ಟಲೆ ಬೀರುವಿನಲ್ಲಿ ಮುಚ್ಚಿಟ್ಟದ್ದೇ ಬೇಗ ಹಾಳಾಗುವುದು.

ಪರದೆ ಪೂರ್ತಿ ಆರದೆ ಮಿಣುಕುತ್ತಿದ್ದರೆ ವಿಚಾರಣೆಯ ದಾರಿ ಬೇರೆ. ವಿಂಡೋಸ್ ಶುರುವಾಗುವ ಮೊದಲೇ ಎಫ್2 ಅಥವಾ ಆಯಾ ಕಂಪನಿಯ ಕೀ ಒತ್ತಿ ಬಯೋಸ್ ಪರದೆಗೆ ಹೋಗಬೇಕು. ಅಲ್ಲೂ ಮಿಣುಕಿದರೆ ದೋಷ ಯಂತ್ರಭಾಗದ್ದು. ಅಲ್ಲಿ ನಿಶ್ಚಲವಾಗಿದ್ದು ವಿಂಡೋಸ್‌ನಲ್ಲಿ ಮಾತ್ರ ಮಿಣುಕಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಅದೂ ಉಳಿದದ್ದರ ಜೊತೆ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್ ತಪ್ಪು, ಅದೊಂದು ಮಾತ್ರ ಮಿಣುಕದೆ ನಿಂತರೆ ಯಾವುದೋ ಆ್ಯಪ್ ತಪ್ಪು. ಇದು ಮೈಕ್ರೋಸಾಫ್ಟ್‌ನದೇ ಸೂಚನೆ. ಬ್ಯಾಟರಿಯಲ್ಲಿ ಓಡುವಾಗ ಮಾತ್ರ ಬೆಳಕು ಏರಿಳಿದರೆ ಗ್ರಾಫಿಕ್ಸ್‌ನ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಆರಿಸಿ ನೋಡಬೇಕು. ಚಾರ್ಜರ್ ಹಾಕಿದಾಗ ಮಾತ್ರ ಮಿಣುಕಿದರೆ ಅರ್ಥಿಂಗ್, ಅಡಾಪ್ಟರ್, ಮನೆಯ ಇನ್ವರ್ಟರ್ ಇವುಗಳಲ್ಲಿ ಒಂದರ ತಪ್ಪಿರಬಹುದು. ಅಡಾಪ್ಟರ್‌ಗಳ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ, ಆದ್ದರಿಂದ ಸಂಜೆಯ ಲೋ ವೋಲ್ಟೇಜ್‌ಗೆ ಅವು ಅಷ್ಟಾಗಿ ಬಗ್ಗುವುದಿಲ್ಲ. ಅಪಾಯ ಇರುವುದು ಕರೆಂಟ್ ಮರಳುವ ಗಳಿಗೆಯಲ್ಲಿ. ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನ ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ಏರಿ ತಂತಿ ಜೋಡಿಸಿ ಲೈನ್ ಚಾರ್ಜ್ ಮಾಡಿದಾಗ ಮೊದಲ ಕೆಲವು ನಿಮಿಷ ಏರಿಳಿತ ಇರುತ್ತದೆ. ಅಷ್ಟು ಹೊತ್ತು ಪ್ಲಗ್ ಹೊರಗಿರಲಿ.

ಮುಚ್ಚಳವನ್ನು ಹಿಂದೆಮುಂದೆ ವಾಲಿಸಿದಂತೆ ಚಿತ್ರ ಬಂದುಹೋದರೆ ಹಿಂಜ್ ಬಳಿ ಕೇಬಲ್ ಸವೆದಿದೆ. ದುಬಾರಿ ಯಂತ್ರಗಳೂ ಇದಕ್ಕೆ ಹೊರತಲ್ಲ. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಇದೇ ಬಗೆಯ ಕೇಬಲ್ ಸವೆದು ಪರದೆ ಆರುತ್ತಿತ್ತು, 2019ರ ಮೇನಲ್ಲಿ ಆ್ಯಪಲ್ ಉಚಿತ ರಿಪೇರಿ ಘೋಷಿಸಬೇಕಾಯಿತು. ಮುಚ್ಚಳ ತೆರೆದಿದ್ದರೂ ಪರದೆ ಆರುತ್ತಿದ್ದರೆ ಹತ್ತಿರದಲ್ಲಿ ಅಯಸ್ಕಾಂತವಿರುವ ಫೋನ್ ಕವರ್ ಇದೆಯೇ ನೋಡಬೇಕು. ಮುಚ್ಚಳ ಮುಚ್ಚಿದೆಯೆಂದು ಯಂತ್ರಕ್ಕೆ ತಿಳಿಸುವುದು ಅಯಸ್ಕಾಂತವೇ.

ಕೊನೆಗೂ ಪ್ಯಾನೆಲ್ಲೇ ಹೋಗಿದೆ ಎಂದಾದರೆ, ಬೇಕಾಗುವುದು ಲ್ಯಾಪ್‌ಟಾಪಿನ ಹೆಸರಷ್ಟೇ ಅಲ್ಲ, ಹಳೆಯ ಪ್ಯಾನೆಲ್‌ನ ಬೆನ್ನಿಗೆ ಅಂಟಿಸಿದ ಸಂಖ್ಯೆ. ಒಂದೇ ಮಾದರಿಯಲ್ಲಿ 30 ಪಿನ್‌ನದೂ 40 ಪಿನ್‌ನದೂ ಇರುವುದುಂಟು, ಒಂದರ ಜಾಗಕ್ಕೆ ಇನ್ನೊಂದು ಬಾರದು. ಆ ಸಂಖ್ಯೆಯ ಫೋಟೊ ಕಳಿಸಿ, ಸರಿಹೊಂದುವ ಪ್ಯಾನೆಲ್ ಅಂಗಡಿಯಲ್ಲಿ ಇದೆಯೆಂದು ಖಚಿತವಾದ ಮೇಲೆ ಮೈಸೂರಿಗೋ ಮಂಗಳೂರಿಗೋ ಹೊರಟರೆ ಸಾಕು. ಹೊಸದನ್ನು ಜೋಡಿಸುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಿರಲೇಬೇಕು. ಕರೆಂಟ್ ಇರುವಾಗಲೇ ಡಿಸ್‌ಪ್ಲೇ ಕೇಬಲ್ ಚುಚ್ಚಿದರೆ ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಸುಟ್ಟು, ಹೊಸ ಪ್ಯಾನೆಲ್ ಕೂಡ ಕಪ್ಪಾಗಿಯೇ ಉಳಿಯಬಹುದು.