ವಿಷ ತಾಳುವ ನೀರುಚಿಗಟ

ಬೇಸಿಗೆಯಲ್ಲಿ ನಿಂತ ನೀರು ಹಸಿರುಗಟ್ಟುವುದನ್ನು ಸುರೇಬಾನದಂತಹ ಊರುಗಳಲ್ಲಿ ನೀವು ನೋಡಿರಬಹುದು. ಇದಕ್ಕೆ ಹಲವೊಮ್ಮೆ ಕಾರಣ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಬ್ಯಾಕ್ಟೀರಿಯಾ. ಇದರ ಕೆಲವು ತಳಿಗಳು ಯಕೃತ್ತನ್ನು ಕೆಡಿಸುವ ವಿಷ ತಯಾರಿಸುತ್ತವೆ. ಇಂತಹ ನೀರಿನಲ್ಲೂ ಒಂದೆರಡು ಮಿಲಿಮೀಟರ್ ಉದ್ದದ ಡ್ಯಾಫ್ನಿಯ, ಅಂದರೆ ನೀರುಚಿಗಟಗಳಲ್ಲಿ ಕೆಲವು ಬದುಕುಳಿಯುತ್ತವೆ. ಹೇಗೆ?

ಬೆಲ್ಜಿಯಂನ ವಿಜ್ಞಾನಿಗಳು 2017ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸೂಕ್ಷ್ಮಜೀವಿಗಳಿಲ್ಲದಂತೆ ಬೆಳೆಸಿದ ಮರಿಗಳಿಗೆ ಅವರು ಬೇರೆ ಡ್ಯಾಫ್ನಿಯಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಟ್ಟರು. ವಿಷ ತಾಳಬಲ್ಲವುಗಳಿಂದ ಬ್ಯಾಕ್ಟೀರಿಯಾ ಪಡೆದ ಮರಿಗಳು, ತಾಳಲಾರದವುಗಳಿಂದ ಪಡೆದ ಮರಿಗಳಿಗಿಂತ ಚೆನ್ನಾಗಿ ಬದುಕಿದವು. ಅಂದರೆ ತಾಳಿಕೆಯ ಗುಟ್ಟು ಕರುಳಿನಲ್ಲೂ ಇದೆ!

ಡ್ಯಾಫ್ನಿಯ ಪಾಚಿಯನ್ನು ತಿಂದು ನೀರನ್ನು ತಿಳಿಯಾಗಿಸುತ್ತದೆ. ಆದರೆ ಅದು ಬದುಕಿದೆಯೆಂದು ಆ ನೀರು ನಮಗೆ ಕ್ಷೇಮವಲ್ಲ. ಕುದಿಸಿದರೂ ಈ ವಿಷ ಹೋಗದು. ಹಸಿರುಗಟ್ಟಿದ ನೀರನ್ನು ದನಕರುಗಳಿಗೂ ಕುಡಿಸಬೇಡಿ.